ಎಸೆಯಬಾರದ ಚೆಂಡು

ನಾನು ಫುಟ್‌ಬಾಲ್ ಆಡುತ್ತಿದ್ದೆ ಎಂದರೆ ಈಗಿನ ಹುಡುಗಿಯರು ಕಣ್ಣರಳಿಸುತ್ತಾರೆ. ಅದೂ ಒಮಾನಿನಲ್ಲಿ, ಅದೂ ಆಸ್ಟ್ರೇಲಿಯಾದವರ ಫುಟ್‌ಬಾಲ್ ಎಂದರೆ ಅರಳಿದ ಕಣ್ಣು ಹಾಗೇ ಕಿರಿದಾಗುತ್ತದೆ. ಆಂಟಿ ಬುರುಡೆ ಬಿಡುತ್ತಿದ್ದಾರೆ ಎಂಬ ಗುಮಾನಿ. ನನಗೇನೂ ಬೇಸರವಿಲ್ಲ. ಎಂಬತ್ತರ ದಶಕದ ಕೊನೆಯಿಂದ ತೊಂಬತ್ತರ ದಶಕ ಮುಗಿಯುತ್ತ ಬರುವ ತನಕ ನಾನು ಮಸ್ಕತ್‌ನ ಹೆಂಗಸರ ತಂಡದಲ್ಲಿ ಆಡಿದೆ. ಆಡಿದೆ ಎಂದರೆ ತಲೆ ಲೆಕ್ಕಕ್ಕೆ ನಿಂತದ್ದಲ್ಲ. ಕೊನೆಯ ಕೆಲವು ವರ್ಷ ಆ ತಂಡದ ನಾಯಕಿಯೂ ನಾನೇ ಆಗಿದ್ದೆ. ನಾನು ನಿಂತ ಜಾಗವನ್ನು ದಾಟಿ ಚೆಂಡು ಹೋಗುವುದು ಸುಲಭವಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ನನ್ನ ಪರವಾಗಿ ಹೇಳಬೇಕಾದವರೆಲ್ಲ ಈಗ ಭೂಮಿಯ ಆಚೆ ಬದಿಯಲ್ಲಿದ್ದಾರೆ.

ಆಟ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಅಣ್ಣನ ಹಾಗೆ ನಡುವಿನಲ್ಲಿ ತಲೆ ಕೆರೆದುಕೊಳ್ಳುತ್ತೀರಿ. ಚೆಂಡು ಉರುಟಲ್ಲ, ಮೊಟ್ಟೆಯ ಆಕಾರ. ಅದನ್ನು ಒದೆಯಬಹುದು, ಹಿಡಿಯಬಹುದು, ಹಿಡಿದುಕೊಂಡು ಓಡಬಹುದು. ಒದ್ದ ಚೆಂಡನ್ನು ಯಾರಿಗೂ ತಾಗುವ ಮುನ್ನ ಗಾಳಿಯಲ್ಲೇ ಹಿಡಿದರೆ ನಿಮ್ಮನ್ನು ಯಾರೂ ಮುಟ್ಟುವಂತಿಲ್ಲ, ಆರಾಮವಾಗಿ ನಿಂತು ಒದೆಯಬಹುದು. ಹಾಗೆ ಹಿಡಿಯಲಾಗದೆ ಚೆಂಡು ಬೇರೆ ರೀತಿಯಲ್ಲಿ ಕೈಗೆ ಬಂದರೆ ಎದುರಿನವರು ಮೈಮೇಲೆ ಬಿದ್ದು ಕೆಡವಬಹುದು. ಮೈದಾನದ ಎರಡು ತುದಿಗಳಲ್ಲೂ ನಾಲ್ಕು ನಾಲ್ಕು ಕಂಬ. ನಡುವಿನ ಎತ್ತರದ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಅಂಕ, ಪಕ್ಕದ ಸಂದಿಯಲ್ಲಿ ಹೋದರೆ ಒಂದೇ ಅಂಕ. ಕೈಯಿಂದ ಜೊತೆಗಾತಿಗೆ ಕೊಡಬೇಕಾದರೆ ಒಂದು ಅಂಗೈಯ ಮೇಲೆ ಚೆಂಡಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಎಸೆಯುವಂತಿಲ್ಲ. ಎಸೆದರೆ ಪೀಪಿ ಊದಿ ಚೆಂಡನ್ನು ಎದುರಾಳಿಗೆ ಕೊಟ್ಟುಬಿಡುತ್ತಾರೆ. ನನ್ನ ಕಷ್ಟವೆಲ್ಲ ಹುಟ್ಟಿದ್ದು ಈ ಒಂದು ನಿಯಮದಿಂದ.

ಉಡುಪಿಯ ಹತ್ತಿರದ ನಮ್ಮ ಕಾನ್ವೆಂಟ್ ಶಾಲೆಯಲ್ಲಿ ಹುಡುಗಿಯರಿಗೆ ಆಟ ಎಂದರೆ ತ್ರೋಬಾಲ್. ಬಲೆಯ ಆಚೆಯಿಂದ ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಮೈಗೆ ತಾಗಿಸಬಾರದು. ಹಿಡಿದ ಮೇಲೆ ತಡಮಾಡದೆ ಭುಜದ ಮೇಲಿನಿಂದ ಒಂದೇ ಕೈಯಲ್ಲಿ ಆಚೆಗೆ ಎಸೆಯಬೇಕು. ಸಿಸ್ಟರುಗಳು ಲಂಗ ಜಾರದ ಹಾಗೆ ಆಡಬಹುದಾದ ಆಟವನ್ನೇ ಹುಡುಕಿ ನಮಗೆ ಕೊಟ್ಟಿದ್ದರು ಎಂದು ನನಗೆ ಈಗಲೂ ಅನುಮಾನ. ಆದರೂ ನಾವು ಅದನ್ನು ಯುದ್ಧದಂತೆ ಆಡುತ್ತಿದ್ದೆವು. ಮಂಗಳೂರಿಗೆ ನರ್ಸಿಂಗ್ ಓದಲು ಹೋದಾಗ ಅಲ್ಲಿಯೂ ನಾನೇ ತ್ರೋಬಾಲ್ ತಂಡದ ನಾಯಕಿ. ಹಿಡಿ, ಎಸೆ. ಹಿಡಿ, ಎಸೆ. ಅಷ್ಟು ವರ್ಷ ಹೀಗೆ ಮಾಡಿದ ಮೇಲೆ ಅದು ತಲೆಯನ್ನು ಕೇಳದೆ ಕೈಯೇ ಮಾಡುವ ಕೆಲಸವಾಗಿಬಿಟ್ಟಿತ್ತು.

ಅಣ್ಣ ನನಗಿಂತ ಮೊದಲೇ ಒಮಾನಿಗೆ ಬಂದು ಮಸ್ಕತ್‌ನ ರುವಿಯಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದ. ಮದುವೆಯಾದ ಮೇಲೆ ಅತ್ತಿಗೆ ಬಂದರು, ಅವರ ಬೆನ್ನಿಗೇ ಆಸ್ಪತ್ರೆಯ ಕೆಲಸ ಹಿಡಿದು ನಾನೂ ಬಂದೆ. ನಾನು ಆಪರೇಷನ್ ಥಿಯೇಟರ್ ನರ್ಸ್. ಡಾಕ್ಟರು ಕೈ ಚಾಚಿದ ಕೂಡಲೇ ಬೇಕಾದ ಸಲಕರಣೆಯನ್ನು ಅಂಗೈಗೆ ಇಡುವವಳು. ಇರುವುದು ಅಣ್ಣನ ಫ್ಲ್ಯಾಟಿನಲ್ಲಿ. ಶುಕ್ರವಾರ ರಜೆ. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಅಣ್ಣನ ಕ್ರಿಕೆಟ್ ನೋಡಲು ಹೋಗುವುದು ನಮ್ಮ ವಾಡಿಕೆ. ಹುಲ್ಲಿನ ಹೆಸರಿಲ್ಲದ ಮೈದಾನ ಅದು. ಒತ್ತಿ ಗಟ್ಟಿ ಮಾಡಿದ ಮರಳು, ನಡುವೆ ಪಿಚ್ಚಿನಷ್ಟು ಜಾಗಕ್ಕೆ ಒಂದು ಚಾಪೆ. ಅಣ್ಣ ಕ್ರಿಕೆಟ್ ಆಡುವುದಕ್ಕಿಂತ ಹೆಚ್ಚು ಅದರ ಬಗ್ಗೆ ಮಾತಾಡುತ್ತಿದ್ದ.

ಆ ಮೈದಾನ ಕ್ರಿಕೆಟಿಗೆಂದು ಸುತ್ತಲೂ ದುಂಡಗೆ ಇದ್ದುದರಿಂದ ಆಸ್ಟ್ರೇಲಿಯಾದವರ ಕಣ್ಣು ಅದರ ಮೇಲೆ ಬಿದ್ದಿತ್ತು. ಅವರ ಫುಟ್‌ಬಾಲಿಗೂ ಅಂಥದ್ದೇ ಮೈದಾನ ಬೇಕು. ನಮ್ಮವರ ಕ್ರಿಕೆಟ್ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತ ಆ ಹೆಂಗಸರು ಅಂಚಿನಲ್ಲಿ ಚೆಂಡು ಒದೆಯುತ್ತಿದ್ದರು. ಒಂದು ಶುಕ್ರವಾರ ಅತ್ತಿಗೆ ಬುತ್ತಿ ಬಿಚ್ಚಿ ತಟ್ಟೆಗೆ ಬಡಿಸುತ್ತಿದ್ದಾಗ ಚೆಂಡೊಂದು ನೇರ ಅವರ ತಲೆಯ ಕಡೆಗೆ ಹಾರಿ ಬಂತು. ನಾನು ಎದ್ದು ಹಿಡಿದೆ. ಹಿಡಿದ ಕೈ ಹಾಗೆಯೇ ಭುಜದ ಮೇಲಿನಿಂದ ತಿರುಗಿ ಎಸೆಯಿತು. ಚೆಂಡು ಒದ್ದವಳ ತಲೆಯ ಮೇಲಿಂದ ಹೋಗಿ ಎಲ್ಲೋ ದೂರ ಬಿತ್ತು. ಅವರಲ್ಲೊಬ್ಬಳು ಓಡಿ ಬಂದಳು. ಮುಖ ಪರಿಚಯವಿತ್ತು, ನಮ್ಮ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್. ತಂಡ ಕಟ್ಟಿದವಳೂ ನಾಯಕಿಯೂ ಅವಳೇ.

“ಈ ಕೈ ಇಷ್ಟು ದಿನ ಎಲ್ಲಿತ್ತು?” ಎಂದು ಕೇಳಿದಳು.

“ಮೂರನೇ ಮಹಡಿಯಲ್ಲಿ, ಡಾಕ್ಟರಿಗೆ ಕತ್ತರಿ ಕೊಡುತ್ತಿತ್ತು” ಎಂದೆ.

ಅವಳು ಗಟ್ಟಿಯಾಗಿ ನಕ್ಕಳು. ಮುಂದಿನ ವಾರದಿಂದ ನಾನು ಅವರ ಜೊತೆ. ಆಸ್ಟ್ರೇಲಿಯಾ, ಐರ್ಲೆಂಡ್, ಇಂಗ್ಲೆಂಡಿನ ನರ್ಸುಗಳು, ಒಂದಿಬ್ಬರು ಟೀಚರುಗಳು, ಎಣ್ಣೆ ಕಂಪನಿಯವರ ಹೆಂಡಂದಿರು. ನಮ್ಮ ದೇಶದವಳು ನಾನೊಬ್ಬಳೇ.

ಬೂಟು ಕೊಳ್ಳಲು ರುವಿ ಪೇಟೆಯಲ್ಲಿ ಉಳ್ಳಾಲದ ಕಡೆಯ ಬ್ಯಾರಿಯೊಬ್ಬರ ಅಂಗಡಿಗೆ ಹೋದೆ. ನನಗೆ ಬ್ಯಾರಿ ಭಾಷೆ ಬಾರದು, ಅವರಿಗೆ ಕೊಂಕಣಿ ಬಾರದು, ಹಾಗಾಗಿ ನಮ್ಮ ವ್ಯವಹಾರವೆಲ್ಲ ಕನ್ನಡದಲ್ಲಿ.

“ಫುಟ್‌ಬಾಲ್ ಬೂಟಾ? ಮಗನಿಗೆ ಎಷ್ಟು ವರ್ಷ ಸಿಸ್ಟರೇ?”

“ಮಗ ಇಲ್ಲ, ಮದುವೆಯೇ ಆಗ್ಲಿಲ್ಲ. ಬೂಟು ನನಗೆ.”

ಅವರು ನನ್ನ ಮುಖ ನೋಡಿದರು, ಕಾಲು ನೋಡಿದರು. “ನಿಮಗಾ? ಆಗ್ಲಿ. ಮರಳಲ್ಲಿ ಆಡುದಾದ್ರೆ ಕೆಳಗೆ ಮುಳ್ಳು ಉದ್ದ ಇರುದು ಬೇಡ, ಕಾಲು ತಿರುಗ್ತದೆ. ಇದು ನೋಡಿ” ಎಂದು ಹುಡುಗರ ಸೈಜಿನ ಒಂದು ಜೋಡಿ ತೆಗೆದು ಕೊಟ್ಟರು. ಇಷ್ಟು ಸಲೀಸಾಗಿ ನನ್ನನ್ನು ಆಟಗಾರ್ತಿ ಎಂದು ಒಪ್ಪಿಕೊಂಡ ಮೊದಲ ಮನುಷ್ಯ ಅವರೇ. ಉದ್ದ ಪ್ಯಾಂಟು, ತುಂಬು ತೋಳಿನ ಅಂಗಿ ಅತ್ತಿಗೆ ಹೊಲಿದು ಕೊಟ್ಟರು. ಆ ದೇಶದ ರೀತಿಗೆ ತಕ್ಕಂತೆ ನಮ್ಮ ತಂಡದವರೆಲ್ಲ ಮೈತುಂಬ ಬಟ್ಟೆ ಹಾಕಿಯೇ ಆಡುತ್ತಿದ್ದೆವು.

ಅಣ್ಣನದು ಮಾತ್ರ ಬೇರೆಯೇ ರಾಗ. ಅವನಿಗೆ ನಾನು ಓಡುವುದರ ಬಗ್ಗೆ ತಕರಾರಿರಲಿಲ್ಲ, ಬೆರಳಿನ ಚಿಂತೆ.

“ನಿನ್ನ ವೀಸಾ ಇರುದೇ ಆ ಹತ್ತು ಬೆರಳಲ್ಲಿ ಮಾರಾಯ್ತಿ. ಒಂದು ಮುರಿದ್ರೆ ಖಲಾಸ್. ಆಸ್ಪತ್ರೆಯವ್ರು ಎಂತಕ್ಕೆ ಇಟ್ಕೊಳ್ತಾರೆ ನಿನ್ನನ್ನು?”

“ಬಾಗಿಲಿಗೆ ಸಿಕ್ಕಿದ್ರೂ ಬೆರಳು ಮುರೀತದೆ. ಬಾಗಿಲು ತೆಗಿಸಿ ಬಿಡುವನಾ?” ಎಂದೆ.

ಅತ್ತಿಗೆ ಅಡುಗೆಮನೆಯಿಂದಲೇ ನಕ್ಕರು. ಅಣ್ಣ ಸಿಟ್ಟಿನಿಂದ ಟಿವಿಯ ಶಬ್ದ ಜೋರು ಮಾಡಿದ.

ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಆ ತಂಡದಲ್ಲಿ ಇರಲಿಲ್ಲ. ಇದು ಜಂಬವಲ್ಲ, ಇದ್ದ ಸಂಗತಿ. ಅವರೆಲ್ಲ ಚೆಂಡನ್ನು ಎದೆಗೆ ಅವಚಿ ಹಿಡಿಯುವವರು. ಸಂಜೆಯ ಗಾಳಿಗೆ ಚೆಂಡು ಕೊನೆಯ ಗಳಿಗೆಯಲ್ಲಿ ಸ್ವಲ್ಪ ಓಲಿದರೂ ಎದೆಗೆ ಬಡಿದು ಜಾರಿ ಹೋಗುತ್ತಿತ್ತು. ನಾನು ಮೈಯಿಂದ ದೂರ, ತಲೆಯ ಮೇಲೆ, ಬರೀ ಬೆರಳುಗಳಲ್ಲಿ ಹಿಡಿಯುತ್ತಿದ್ದೆ. ಹಾಗಾಗಿ ನನ್ನನ್ನು ನಮ್ಮ ಗೋಲಿನ ಎದುರು, ಎಲ್ಲರಿಗಿಂತ ಹಿಂದೆ ನಿಲ್ಲಿಸಿದರು. ಎದುರಾಳಿ ಗೋಲಿಗೆಂದು ಒದ್ದ ಚೆಂಡು ನನ್ನ ಕೈಗೆ ಬಂದು ಕೂರುತ್ತಿತ್ತು. ಅಲ್ಲಿಯವರೆಗೆ ಎಲ್ಲವೂ ಚಂದ. ಹಿಡಿದ ಮರುಕ್ಷಣವೇ ಕೈ ಎಸೆದುಬಿಡುತ್ತಿತ್ತು!

ಪೀಪಿ. “ಥ್ರೋ!” ಅಂಪೈರು ಎಣ್ಣೆ ಬಾವಿಯ ಕೆಲಸದ ದಢೂತಿ ಮನುಷ್ಯ, ಮರುಭೂಮಿಯ ಕ್ಯಾಂಪಿನಲ್ಲಿ ಕೂಗಿ ಅಭ್ಯಾಸವಾದ ಗಂಟಲು. ಮತ್ತೆ ಹಿಡಿಯುತ್ತಿದ್ದೆ, ಮತ್ತೆ ಪೀಪಿ. ಎದುರಾಳಿಗೆ ನಮ್ಮ ಗೋಲಿನ ಎದುರೇ ಚೆಂಡು ಸಿಕ್ಕಿದರೆ ಕೇಳಬೇಕೇ? ನನ್ನ ತಂಡದವರು ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡುತ್ತಿದ್ದರು. ಚಿಕ್ಕಂದಿನಿಂದ ಯಾವ ಎಸೆತಕ್ಕೆ ಚಪ್ಪಾಳೆ ಸಿಗುತ್ತಿತ್ತೋ ಅದಕ್ಕೇ ಬೈಗುಳ ತಿನ್ನುವ ಸಂಕಟವನ್ನು ಅವರಿಗೆ ಹೇಗೆ ತಿಳಿಸುವುದು? ಅವರ ದೇಶದಲ್ಲಿ ತ್ರೋಬಾಲ್ ಎಂಬ ಆಟವೇ ಇರಲಿಲ್ಲ.

ನಾಯಕಿ ಗುದ್ದುವುದನ್ನು ತೋರಿಸಿಕೊಟ್ಟಳು, ಕೈ ಹಿಡಿದು ಕಲಿಸಿದಳು. ಮನೆಯಲ್ಲಿ ಅತ್ತಿಗೆಯ ದಿಂಬನ್ನು ಗುದ್ದಿ ಗುದ್ದಿ ಹತ್ತಿ ಹೊರಗೆ ಬಂತು. ಕೊನೆಗೆ ದಾರಿ ಸಿಕ್ಕಿದ್ದು ಥಿಯೇಟರಿನಲ್ಲಿ. ಒಂದು ದಿನ ಡಾಕ್ಟರ ಅಂಗೈಗೆ ಕತ್ತರಿ ಇಡುವಾಗ ಹೊಳೆಯಿತು. ಇಲ್ಲಿ ನಾನು ಯಾವತ್ತಾದರೂ ಎಸೆದಿದ್ದೇನೆಯೇ? ಎದುರಿಗೆ ಕೈ ಇದೆಯೇ ಎಂದು ನೋಡಿ, ಆ ಕೈಗೆ ಗಟ್ಟಿಯಾಗಿ ಒತ್ತಿ ಕೊಡುತ್ತೇನೆ. ಕೈ ಬಾರದಿದ್ದರೆ ಕತ್ತರಿಯನ್ನು ಬಿಡುವುದೇ ಇಲ್ಲ. ಹಾಗಾದರೆ ಈ ಕೈಗೆ ಎಸೆಯದೆ ಕೊಡುವುದೂ ಗೊತ್ತು! ಅಂದಿನಿಂದ ಚೆಂಡು ಹಿಡಿದ ಕೂಡಲೇ ಮೊದಲು ಎದುರಿಗೊಂದು ಕೈ ಹುಡುಕತೊಡಗಿದೆ. ಎಡ ಅಂಗೈ ತಟ್ಟೆಯಾಯಿತು, ಬಲಗೈ ಮುಷ್ಟಿಯಾಯಿತು. ಅಂಪೈರಿನ ಪೀಪಿಗೆ ನನ್ನಿಂದ ಕೆಲಸ ಕಡಿಮೆಯಾಯಿತು.

ಪೂರ್ತಿ ನಿಂತಿತು ಎನ್ನಲಾರೆ. ಹಿಂದಿನಿಂದ ಯಾರಾದರೂ ಬಂದು ಸೊಂಟ ಹಿಡಿದರೆ, ಗಾಬರಿಯಲ್ಲಿ ಕೈ ಮತ್ತೆ ಭುಜದ ಮೇಲೆ ಏರುತ್ತಿತ್ತು. ಹಾಗೊಂದು ಎಸೆತದಿಂದ ಎಣ್ಣೆ ಕಂಪನಿಯ ತಂಡದೆದುರು ಗೆದ್ದಂತೆಯೇ ಇದ್ದ ಪಂದ್ಯವನ್ನು ಸೋತೆವು. ಎಲ್ಲರೂ ನನ್ನ ಬೆನ್ನು ತಟ್ಟಿ ಹೋದರು. ಬೈದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಗಡಿಯಾಚೆ ಎಮಿರೇಟ್ಸಿನ ಅಲ್ ಐನ್‌ನಿಂದ ಕರೆ ಬಂತು. ಅಲ್ಲಿಯೂ ಹೆಂಗಸರ ತಂಡವೊಂದು ಹುಟ್ಟಿಕೊಂಡಿತ್ತು. ಗಡಿಯ ಈಚೆ, ಒಮಾನಿನ ಬುರೈಮಿಯಲ್ಲಿ ಆಡುವುದೆಂದು ನಿಶ್ಚಯವಾಯಿತು. ಆಗೆಲ್ಲ ಬುರೈಮಿಗೂ ಅಲ್ ಐನ್‌ಗೂ ನಡುವೆ ಓಡಾಟಕ್ಕೆ ತಡೆ ಇರಲಿಲ್ಲ, ಅವರು ಪಕ್ಕದ ಬೀದಿಗೆ ಬಂದ ಹಾಗೆ ಬಂದುಬಿಡುತ್ತಿದ್ದರು. ಬೇರೆ ಊರಿನ ತಂಡದೆದುರು ನಮ್ಮ ಮೊದಲ ಪಂದ್ಯ. ನನಗೆ ಆ ಪಂದ್ಯ ಬೇಕಿತ್ತು. ಯಾವುದನ್ನೂ ಅಷ್ಟು ಬೇಕು ಎಂದು ನಾನು ಆ ದೇಶದಲ್ಲಿ ಅಲ್ಲಿಯವರೆಗೆ ಬಯಸಿರಲಿಲ್ಲ.

ಅಭ್ಯಾಸದ ಕೊನೆಗೆ ನಾಯಕಿ ಆಡುವವರ ಹೆಸರು ಹೇಳಿದಳು. ಒಂದು ಕಡೆಗೆ ಒಂಬತ್ತು ಜನ, ಒಂಬತ್ತು ಹೆಸರು. ಅದರಲ್ಲಿ ನನ್ನದಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ತುಂಬ ಪ್ರೀತಿಯಿಂದಲೇ ಹೇಳಿದಳು.

“ನೀನೂ ಬರಬೇಕು. ಫಸ್ಟ್ ಏಡ್ ಪೆಟ್ಟಿಗೆ ನೋಡಿಕೊಳ್ಳಲು ಒಬ್ಬ ನರ್ಸ್ ಬೇಕಲ್ಲ.”

ನಾನು ಆಯಿತು ಎಂದು ತಲೆಯಾಡಿಸಿ ಬಸ್ಸು ಹತ್ತಿದೆ. ಬಸ್ಸು ಹೊರಟ ಮೇಲೆ ಮೈ ಉರಿಯತೊಡಗಿತು. ಮನೆಗೆ ಬಂದು ಹೇಳಿದರೆ ಅಣ್ಣನಿಗೆ ಖುಷಿಯೋ ಖುಷಿ.

“ಒಳ್ಳೇದೇ ಆಯ್ತು! ನೆರಳಲ್ಲಿ ಕೂತು ಪಂದ್ಯ ನೋಡಿ ಬಾ. ಬೆರಳೂ ಉಳೀತದೆ, ಮರ್ಯಾದೆಯೂ ಉಳೀತದೆ.”

ಅತ್ತಿಗೆ ಮೀನಿಗೆ ಮಸಾಲೆ ಹಚ್ಚುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. “ಅಲ್ಲ ಬಾಯೆ, ನಿಮ್ಮ ಟೀಮಲ್ಲಿ ಎಷ್ಟು ಜನ ನರ್ಸ್‌ಗಳಿದ್ದಾರೆ?”

“ಅರ್ಧಕ್ಕರ್ಧ.”

“ಮತ್ತೆ ಪೆಟ್ಟಿಗೆ ಹೊರ್ಲಿಕ್ಕೆ ನೀನೇ ಎಂತಕ್ಕೆ?”

ನನ್ನ ಎದೆಯಲ್ಲಿ ಉರಿಯುತ್ತಿದ್ದುದನ್ನು ಅತ್ತಿಗೆ ಅಷ್ಟು ಸರಳವಾಗಿ ಕೇಳಿಬಿಟ್ಟರು. ಆಸ್ಪತ್ರೆಯ ವಾರ್ಡಿನಲ್ಲಿ ಯಾರೋ ಕೂಗಿದರೆ ಮೊದಲು ಏಳುವವರು ನಾವು, ಮಂಗಳೂರಿನವರು, ಕೇರಳದವರು, ಫಿಲಿಪೈನ್ಸಿನವರು. ಬಿಳಿಯ ನರ್ಸುಗಳು ಕೆಟ್ಟವರಲ್ಲ, ಆದರೆ ಅವರು ಏಳುವ ಹೊತ್ತಿಗೆ ನಾವು ಎದ್ದು ಹೋಗಿ ಆಗಿರುತ್ತಿತ್ತು. ಅವರಿಗೂ ಅದೇ ರೂಢಿ, ನಮಗೂ ಅದೇ ರೂಢಿ. ಆ ರೂಢಿ ಮೈದಾನಕ್ಕೂ ಬಂದು ಕೂತಿದೆ ಎಂದು ನನಗೆ ಅವತ್ತು ಅರ್ಥವಾಯಿತು. ಪಂದ್ಯ ಕೈತಪ್ಪಿದ್ದಕ್ಕಿಂತ ಇದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

ಮುಂದಿನ ಅಭ್ಯಾಸದ ದಿನ ಎಲ್ಲರೂ ಬೂಟಿನ ಲೇಸು ಕಟ್ಟುತ್ತಿದ್ದಾಗ ನಾಯಕಿಯ ಎದುರು ಹೋಗಿ ನಿಂತೆ. ಕೇಳಬೇಕಾದ್ದನ್ನು ಬಸ್ಸಿನಲ್ಲೇ ಇಂಗ್ಲಿಷಿನಲ್ಲಿ ಜೋಡಿಸಿಕೊಂಡು ಬಂದಿದ್ದೆ.

“ಈ ತಂಡದಲ್ಲಿ ಅರ್ಧಕ್ಕರ್ಧ ಜನ ನರ್ಸುಗಳು. ನೀವೇ ಫಿಸಿಯೋಥೆರಪಿಸ್ಟ್. ಪೆಟ್ಟಿಗೆ ನೋಡಿಕೊಳ್ಳಲು ನನ್ನನ್ನೇ ಯಾಕೆ ಕರೆದಿರಿ?”

ಲೇಸು ಕಟ್ಟುವ ಕೈಗಳೆಲ್ಲ ನಿಂತವು. ನಾಯಕಿಯ ಮುಖ ಕಿವಿಯ ತನಕ ಕೆಂಪಾಯಿತು. ಅವಳು ಸುಳ್ಳು ಹೇಳುವ ಪೈಕಿಯಲ್ಲ, ಅದಕ್ಕೇ ನನಗೆ ಅವಳೆಂದರೆ ಇಷ್ಟ.

“ಯಾರಾದರೂ ಹಿಡಿದುಕೊಂಡರೆ ನಿನ್ನ ಕೈ ಈಗಲೂ ಎಸೆಯುತ್ತದೆ. ನಮ್ಮ ಗೋಲಿನ ಎದುರು ಒಂದು ಎಸೆತ ಎಂದರೆ ಆರು ಅಂಕ ಹೋಯಿತು. ನಿನಗೇ ಗೊತ್ತಿದೆ.”

“ಗೊತ್ತಿದೆ. ಅದು ನನ್ನನ್ನು ಆಡಿಸದೆ ಇರುವುದಕ್ಕೆ ಕಾರಣ. ನನ್ನ ಕೈಗೆ ಪೆಟ್ಟಿಗೆ ಕೊಡುವುದಕ್ಕೆ ಅದು ಕಾರಣವಲ್ಲ.”

ಐರ್ಲೆಂಡಿನ ನರ್ಸೊಬ್ಬಳು ಮೆಲ್ಲಗೆ, “ಅವಳು ಹೇಳುವುದು ಸರಿ” ಎಂದಳು.

“ಸರಿ” ಎಂದಳು ನಾಯಕಿಯೂ. “ಪೆಟ್ಟಿಗೆ ನೀರಿನ ಕ್ಯಾನಿನ ಪಕ್ಕ ಇರಲಿ, ಬೇಕಾದವರು ತೆಗೆದುಕೊಳ್ಳಲಿ. ಹಿಡಿಯುವುದರಲ್ಲಿ ನಿನ್ನಂಥವರಿಲ್ಲ, ಒಬ್ಬರು ಹೊರಗೆ ಕೂರಲಿ, ನೀನು ಆಡು. ಆದರೆ ಒಂದು ಸಲ ಎಸೆದರೂ ಹೊರಗೆ ಕರೆಯುತ್ತೇನೆ. ಈ ವರ್ಷ ಮತ್ತೆ ಆ ಜಾಗ ಕೇಳಬೇಡ.”

“ಕೇಳುವುದಿಲ್ಲ” ಎಂದೆ. ಧೈರ್ಯದಿಂದಲೇ ಹೇಳಿದೆ. ಬೂಟಿನ ಲೇಸನ್ನು ಎರಡೆರಡು ಸಲ ಬಿಚ್ಚಿ ಕಟ್ಟಿದೆ, ಅದು ಬೇರೆ ಮಾತು.

ಬುರೈಮಿಗೆ ಬೆಳಿಗ್ಗೆ ಬೇಗನೆ ಹೊರಟೆವು. ತಂಡಕ್ಕೊಂದು ಮಿನಿ ಬಸ್ಸು, ಅದರ ಹಿಂದೆ ಅಣ್ಣನ ಕಾರು. ನನ್ನನ್ನು ತಡೆಯಲಾಗದ ಮೇಲೆ, ಮುರಿದ ಬೆರಳನ್ನಾದರೂ ತಾನೇ ಮನೆಗೆ ತರಬೇಕೆಂದು ಅತ್ತಿಗೆಯನ್ನು ಕೂರಿಸಿಕೊಂಡು ಹೊರಟಿದ್ದ. ಬಾತಿನಾ ಕರಾವಳಿಯ ಉದ್ದಕ್ಕೂ ಒಂದು ಬದಿ ಖರ್ಜೂರದ ತೋಟ, ಇನ್ನೊಂದು ಬದಿ ದೂರದಲ್ಲಿ ಬೋಳು ಬೆಟ್ಟ. ಸೊಹಾರಿನಲ್ಲಿ ಮಲಯಾಳಿಯ ಹೋಟೆಲಿನಲ್ಲಿ ಚಹಾ, ಪರೋಟ. ಬೆಟ್ಟದ ನಡುವಿನ ಚೆಕ್‌ಪೋಸ್ಟಿನಲ್ಲಿ ಪೊಲೀಸಪ್ಪ ಬಸ್ಸಿನೊಳಗೆ ಇಣುಕಿ, ಅಷ್ಟೂ ಬಿಳಿ ಮುಖಗಳ ನಡುವೆ ನನ್ನನ್ನು ಕಂಡು, “ನೀನು ಇವರ ಜೊತೆ ಏನು ಕೆಲಸಕ್ಕೆ?” ಎಂದು ಹಿಂದಿಯಲ್ಲಿ ಕೇಳಿದ.

“ಆಡಲಿಕ್ಕೆ” ಎಂದೆ. ಅವನು ನಕ್ಕು “ಯಲ್ಲಾ” ಎಂದು, ಹೊರಡಿ ಎಂಬಂತೆ ಕೈ ಬೀಸಿದ.

ಮೈದಾನ ಪೇಟೆಗೆ ತಾಗಿಕೊಂಡೇ ಇತ್ತು. ಹೆಂಗಸರು ಆಡುತ್ತಾರೆ ಎಂಬ ಸುದ್ದಿ ನಮಗಿಂತ ಮೊದಲೇ ತಲುಪಿ, ಗೋಡೆಯ ಮೇಲೆ, ಪಿಕಪ್ ಗಾಡಿಗಳ ಮೇಲೆ ಜನ. ಪಠಾಣರು, ಮಲಯಾಳಿಗಳು, ದಿಶ್ದಾಶ ಎಂಬ ಬಿಳಿ ನಿಲುವಂಗಿ ತೊಟ್ಟ ಒಮಾನಿ ಅಜ್ಜಂದಿರು. ಯಾರಿಗೂ ಆಟದ ನಿಯಮ ಗೊತ್ತಿಲ್ಲ, ಆದರೆ ಯಾರೂ ಬಾಯಿ ಮುಚ್ಚಿ ಕೂತಿರಲಿಲ್ಲ. ಚಳಿಗಾಲದ ಬಿಸಿಲು ಹಿತವಾಗಿತ್ತು. ನನ್ನ ಜಾಗಕ್ಕೆ ಹೋಗಿ ನಿಂತು ಹಿಂದಿನ ಕಂಬಗಳನ್ನು ಒಮ್ಮೆ ಮುಟ್ಟಿ ನೋಡಿದೆ. ಕಟ್ಟಡ ಕೆಲಸದ ಕಬ್ಬಿಣದ ಪೈಪುಗಳು, ತಣ್ಣಗಿದ್ದವು.

ಅವತ್ತು ನನ್ನ ಕೈ ನನ್ನ ಮಾತು ಕೇಳಿತು. ಅಲ್ ಐನ್‌ನವರು ಎತ್ತರ ಒದೆಯುವವರು, ಅದು ನನಗೆ ಅನುಕೂಲವೇ ಆಯಿತು. ಬಂದದ್ದನ್ನೆಲ್ಲ ಹಿಡಿದೆ. ಹಿಡಿದಾಗಲೆಲ್ಲ ಎದುರಿಗೊಂದು ಕೈ ಹುಡುಕಿ ಗುದ್ದಿ ಕೊಟ್ಟೆ, ಇಲ್ಲವೇ ನಿಧಾನವಾಗಿ ಒದ್ದೆ. ಮೊದಲ ಅರ್ಧದಲ್ಲೇ ಎಡಗೈಯ ಕಿರುಬೆರಳು ಹಿಂದಕ್ಕೆ ಬಾಗಿ ಊದಿಕೊಂಡಿತು. ಅಣ್ಣನಿಗೆ ಕಾಣದ ಹಾಗೆ ಮುಷ್ಟಿಯೊಳಗೆ ಮಡಚಿಟ್ಟೆ. ಗೋಡೆಯ ಮೇಲಿದ್ದ ಒಬ್ಬ ಪಠಾಣ ನಾನು ಹಿಡಿದಾಗಲೆಲ್ಲ “ಶಾಬಾಶ್!” ಎನ್ನುತ್ತಿದ್ದ. ನಾಯಕಿ ಮೈದಾನದ ನಡುವಿನಿಂದ ನನ್ನ ಕಡೆ ತಿರುಗಿ ನೋಡುವುದನ್ನು ಬಿಟ್ಟಳು. ನನ್ನನ್ನು ನಂಬಿದ್ದಾಳೆ ಎಂದು ಅದರಿಂದಲೇ ತಿಳಿಯಿತು.

ಕೊನೆಯ ಗಳಿಗೆಗಳು. ನಾವು ಎರಡು ಅಂಕ ಮುಂದೆ. ಅವರ ಕಡೆಯ ಎತ್ತರದ ಹುಡುಗಿಯೊಬ್ಬಳು ಒದ್ದ ಚೆಂಡು ನಮ್ಮವಳೊಬ್ಬಳ ಬೆರಳಿಗೆ ತಾಗಿ ದಿಕ್ಕು ಬದಲಿಸಿ ನನ್ನ ಕಡೆ ಬಂತು. ಹಿಡಿದೆ. ಆದರೆ ನಡುವಿನಲ್ಲಿ ಇನ್ನೊಬ್ಬರಿಗೆ ತಾಗಿದ್ದರಿಂದ ಆ ಹಿಡಿತಕ್ಕೆ ರಕ್ಷಣೆಯಿಲ್ಲ, ಆಟ ನಿಲ್ಲುವುದಿಲ್ಲ. ಮರುಕ್ಷಣವೇ ಒಬ್ಬಳು ಬಂದು ನನ್ನ ಸೊಂಟಕ್ಕೆ ಕೈ ಹಾಕಿದಳು, ಒದ್ದಿದ್ದ ಆ ಎತ್ತರದ ಹುಡುಗಿಯೂ ಎದುರಿನಿಂದ ನುಗ್ಗಿ ಬಂದಳು. ಬಲಗೈ ತಾನಾಗಿ ಭುಜದ ಮೇಲಕ್ಕೆ ಏರಿತು. ಚೆಂಡು ಅಂಗೈಯಲ್ಲಿ ಕೂತೇ ಬಿಟ್ಟಿತ್ತು, ಎಸೆಯುವುದೊಂದೇ ಬಾಕಿ. ದೂರದಿಂದ ನಾಯಕಿ ಕೂಗಿದ್ದು ಕೇಳಿಸಿತು, ಏನೆಂದು ತಿಳಿಯಲಿಲ್ಲ.

ಎದುರಿಗೆ ನೋಡಿದೆ. ತೆಗೆದುಕೊಳ್ಳುವ ಒಂದು ಕೈಯೂ ಕಾಣಲಿಲ್ಲ. ನಮ್ಮವರೆಲ್ಲ ದೂರದಲ್ಲಿದ್ದರು. ಕೈ ಇಲ್ಲದಿದ್ದರೆ ಬಿಡಬಾರದು, ಅಷ್ಟೇ. ಏರಿದ ಕೈಯನ್ನು ಇಳಿಸಿ ಚೆಂಡನ್ನು ಹೊಟ್ಟೆಗೆ ಅವಚಿಕೊಂಡೆ. ಸೊಂಟ ಹಿಡಿದವಳನ್ನು ಎಳೆದುಕೊಂಡೇ ಹಿಂದಕ್ಕೆ ಹೆಜ್ಜೆ ಹಾಕಿದೆ, ಮತ್ತೊಂದು ಹಾಕಿದೆ, ನಮ್ಮದೇ ಕಂಬಗಳ ನಡುವಿನ ಗೆರೆ ದಾಟಿ ಬಿದ್ದೆ. ಎತ್ತರದ ಹುಡುಗಿ ನಮ್ಮಿಬ್ಬರ ಮೇಲೆ ಬಿದ್ದಳು.

ಗೋಡೆಯ ಮೇಲಿನವರೆಲ್ಲ ಒಂದೇ ಸ್ವರದಲ್ಲಿ “ಅಯ್ಯೋ” ಎಂದರು. ಶಾಬಾಶ್ ಹೇಳುತ್ತಿದ್ದ ಪಠಾಣ ಹಣೆ ಚಚ್ಚಿಕೊಂಡ. ಅಣ್ಣ ತಲೆಯ ಮೇಲೆ ಕೈ ಹೊತ್ತು, ಇಡೀ ಬುರೈಮಿಗೆ ಕೇಳುವ ಹಾಗೆ ಕೂಗಿದ.

“ಎಂತ ಮಾಡಿದ್ದು ಮಾರಾಯ್ತೀ! ನಿನ್ನದೇ ಗೋಲಿಗೆ ಹೋಗಿ ಕೂತಿದ್ದಲ್ಲ!”

ಅವರ ತಪ್ಪಲ್ಲ. ಅವರಿಗೆಲ್ಲ ಗೊತ್ತಿದ್ದದ್ದು ಉರುಟು ಚೆಂಡಿನ ಫುಟ್‌ಬಾಲು. ಈ ಆಟದಲ್ಲಿ ಆರು ಅಂಕ ಸಿಗಬೇಕಾದರೆ ಎದುರಾಳಿ ತಾನೇ ಒದ್ದು ಗೆರೆ ದಾಟಿಸಬೇಕು. ಕಾಯುವವಳೇ ಚೆಂಡನ್ನು ಹೊತ್ತು ತನ್ನ ಗೆರೆ ದಾಟಿದರೆ ಎದುರಾಳಿಗೆ ಸಿಗುವುದು ಒಂದೇ ಅಂಕ. ಎಸೆದಿದ್ದರೆ ಆರು ಹೋಗುತ್ತಿತ್ತು, ಹಿಡಿದುಕೊಂಡು ದಾಟಿದ್ದರಿಂದ ಒಂದು ಹೋಯಿತು. ಇಡೀ ಮೈದಾನ ನನ್ನನ್ನು ನೋಡಿ ನಗುತ್ತಿದ್ದಾಗ ಮರಳಿನಲ್ಲಿ ಬಿದ್ದಿದ್ದ ನನಗೆ ಆ ಲೆಕ್ಕ ಸ್ಪಷ್ಟವಾಗಿ ಗೊತ್ತಿತ್ತು. ನಾಚಿಕೆ ಎಂಬುದು ಹತ್ತಿರವೂ ಸುಳಿಯಲಿಲ್ಲ. ಒಂದು ಅಂಕ ಹೋದ ಮೇಲೆ ಚೆಂಡನ್ನು ಮತ್ತೆ ಒದೆಯುವುದು ಕಾಯುವವರೇ. ಎದ್ದು, ಬಾಯೊಳಗಿನ ಮರಳು ಉಗುಳಿ, ಚೆಂಡನ್ನು ಆದಷ್ಟು ದೂರ ಒದ್ದೆ. ಅದು ನೆಲಕ್ಕೆ ಬೀಳುವ ಮೊದಲೇ ಕೊನೆಯ ಪೀಪಿ ಊದಿದರು. ಒಂದು ಅಂಕದಿಂದ ಗೆದ್ದೆವು.

ನಮ್ಮವರೆಲ್ಲ ಓಡಿ ಬಂದು ನನ್ನನ್ನು ಮತ್ತೆ ಮರಳಿಗೆ ಕೆಡವಿದರು. ಅತ್ತಿಗೆ ಮೈದಾನದೊಳಕ್ಕೇ ಬಂದು ನನ್ನ ಕೆನ್ನೆ ಹಿಡಿದು ಅತ್ತರು. ಯಾಕೆ ಗೆದ್ದೆವೆಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದೂ ಅನಿಸಿರಲಿಲ್ಲ. ಅಣ್ಣ ಅಂಪೈರನ್ನು ಹಿಡಿದು ನಿಯಮ ಕೇಳಿಕೊಂಡ, ಆಮೇಲೆ ಗೋಡೆಯ ಹತ್ತಿರ ಹೋಗಿ ಪಠಾಣರಿಗೂ ಮಲಯಾಳಿಗಳಿಗೂ ಹಿಂದಿಯಲ್ಲಿ ಕೈ ಬೀಸಿ ಬೀಸಿ ವಿವರಿಸಿದ. “ಛೆ ದೇನೆ ಕಾ ಥಾ, ಏಕ್ ದಿಯಾ! ಮೇರಿ ಬೆಹನ್ ಹೈ!” ಎಂದು, ಆರು ಹೋಗುವಲ್ಲಿ ಒಂದೇ ಕೊಟ್ಟವಳು ತನ್ನ ತಂಗಿ ಎಂದು ಹೇಳುತ್ತಿದ್ದುದು ನಾನು ಕೂತಲ್ಲಿಗೂ ಕೇಳುತ್ತಿತ್ತು. ಬೆರಳಿನ ವಿಷಯ ಅವನಿಗೆ ಮರೆತೇಹೋಗಿತ್ತು.

ನಾನು ನೀರಿನ ಕ್ಯಾನಿನ ಹತ್ತಿರ ಬಂದು ಕೂತೆ. ಪಕ್ಕದಲ್ಲೇ ಫಸ್ಟ್ ಏಡ್ ಪೆಟ್ಟಿಗೆ ಇತ್ತು. ನಾಯಕಿ ಬಂದು ಕೂತಳು, ತುಟಿ ಒಡೆದಿತ್ತು. ನನ್ನ ಎಡಗೈ ಎತ್ತಿ, ಊದಿದ ಬೆರಳನ್ನು ಅತ್ತಿತ್ತ ಬಾಗಿಸಿ ನೋಡಿ, “ಮುರಿದಿಲ್ಲ” ಎಂದಳು.

“ಗೊತ್ತು. ನಾನು ನರ್ಸು” ಎಂದೆ.

“ಎಸೆಯುವುದರ ಬಗ್ಗೆ ನಾನು ಹೇಳಿದ್ದು ತಪ್ಪಾಗಿರಲಿಲ್ಲ” ಎಂದಳು ಅವಳು. “ಕೈ ಮೇಲೇರಿದ್ದನ್ನು ನೋಡಿದೆ. ಆದರೆ ಪೆಟ್ಟಿಗೆಯ ಬಗ್ಗೆ ತಪ್ಪು ಮಾಡಿದೆ.”

“ಎರಡೂ ನಿಜ” ಎಂದೆ. ಅವಳು ನಗಲು ಹೋಗಿ ತುಟಿ ನೋವಾಗಿ ಮುಖ ಹಿಂಡಿದಳು.

ಆಗಲೇ ನಮ್ಮ ಗೋಲಿನ ಕಡೆಯಿಂದ ಕೂಗು ಕೇಳಿತು. ನನ್ನ ಮೇಲೆ ಬಿದ್ದಿದ್ದ ಎತ್ತರದ ಹುಡುಗಿ ಕುಂಟುತ್ತ ಹೊರಟವಳು ಅಲ್ಲೇ ಕುಸಿದಿದ್ದಳು. ಕಾಲಿನ ಗಂಟು ಹಿಡಿದುಕೊಂಡು ಅಳುತ್ತಿದ್ದಳು. “ನರ್ಸ್! ಯಾರಾದರೂ ನರ್ಸ್ ಇದ್ದೀರಾ?” ಎಂದು ಅವಳ ಜೊತೆಯವರು ಕರೆಯುತ್ತಿದ್ದರು. ನನ್ನ ಮೈ ತಾನಾಗಿ ಎದ್ದಿತು, ಕೈ ಪೆಟ್ಟಿಗೆಯ ಹಿಡಿಯ ಮೇಲೆ ಹೋಗಿಯೂ ಆಗಿತ್ತು. ನಾಯಕಿ ನನ್ನ ಭುಜ ಒತ್ತಿ ಕೂರಿಸಿದಳು. ಹಿಡಿಯಿಂದ ನನ್ನ ಕೈ ಬಿಡಿಸಿ ಪೆಟ್ಟಿಗೆ ಎತ್ತಿಕೊಂಡಳು.

“ನೀನು ಆಡಿ ದಣಿದಿದ್ದೀ. ಕೂತು ನೀರು ಕುಡಿ” ಎಂದವಳೇ ಓಡಿದಳು. ಅವಳ ಹಿಂದೆ ಐರ್ಲೆಂಡಿನ ನರ್ಸು ಓಡಿದಳು, ಇನ್ನಿಬ್ಬರೂ ಓಡಿದರು.

ಹುಡುಗಿ ಅಳುತ್ತಲೇ ಇದ್ದಳು. ಅವಳ ಸುತ್ತ ಆಗಲೇ ನಾಲ್ಕು ಜನ ಇದ್ದರು, ಬೇಕಾದಷ್ಟಾಯಿತು. ಆ ದೇಶಕ್ಕೆ ಬಂದ ಮೇಲೆ ಯಾರೋ ನೋವಿನಿಂದ ಕೂಗಿದಾಗ ನಾನು ಏಳದೆ ಕೂತದ್ದು ಅದೇ ಮೊದಲು. ಲೋಟ ತುಂಬಿಸಿಕೊಂಡೆ. ನೀರು ತಣ್ಣಗಿತ್ತು. ಅವಸರ ಮಾಡದೆ ಪೂರ್ತಿ ಕುಡಿದೆ.